ಹೂಂಗುಟ್ಟುವ ಗೆರೆ

ಕಳೆದ ತಿಂಗಳು ನಮ್ಮ ಟೀಮಿನಲ್ಲಿ 3 ದಿನ ಚರ್ಚೆ ನಡೆದದ್ದು ಒಂದು ಗೆರೆಯ ಬಗ್ಗೆ. ಪುಟ ಬದಲಾಗುವಾಗ ಪರದೆಯ ಮೇಲ್ತುದಿಯಲ್ಲಿ ಎಡದಿಂದ ಬಲಕ್ಕೆ ಓಡಿ ಮಾಯವಾಗುತ್ತಲ್ಲ, ಅದೇ. ಯೂಟ್ಯೂಬ್‌ನಲ್ಲಿ ಕೆಂಪು ಬಣ್ಣದ್ದನ್ನು ನೀವೂ ನೋಡಿರ್ತೀರಿ. "ಗೆರೆ ಹಾಕಿದ್ರೆ ಪುಟ ಬೇಗ ತೆರೆಯುತ್ತಾ? ಇಲ್ಲ ತಾನೇ? ಮತ್ತೆ ಯಾಕೆ?" ಅಂತ ಮ್ಯಾನೇಜರ್ ಕೇಳಿದ್ರು. ನ್ಯಾಯವಾದ ಪ್ರಶ್ನೆ.

ಹಳೆಯ ವೆಬ್‌ಸೈಟ್‌ಗಳಲ್ಲಿ ಲಿಂಕ್ ಒತ್ತಿದರೆ ಇಡೀ ಪುಟವೇ ಹೊಸದಾಗಿ ಬರುತ್ತಿತ್ತು. ಬ್ರೌಸರ್ ತಾನೇ ಒಂದು ಚಕ್ರ ತಿರುಗಿಸಿ "ತರ್ತಿದ್ದೀನಿ, ಇರಿ" ಅಂತ ಸೂಚನೆ ಕೊಡ್ತಿತ್ತು. ಈಗ ರಿಯಾಕ್ಟ್‌ನಂಥವುಗಳಲ್ಲಿ ಕಟ್ಟುವ ಎಷ್ಟೋ ಆ್ಯಪ್‌ಗಳಲ್ಲಿ ಜಾವಾಸ್ಕ್ರಿಪ್ಟ್ ಹಿಂದಿನಿಂದ ಮಾಹಿತಿ ತಂದು ಪರದೆಯ ಒಂದು ಭಾಗವನ್ನಷ್ಟೇ ಬದಲಿಸುತ್ತೆ. ಬ್ರೌಸರ್ ಲೆಕ್ಕದಲ್ಲಿ ಹೊಸ ಪುಟ ಬರ್ತಾನೇ ಇಲ್ಲ, ಹಾಗಾಗಿ ಅದರ ಚಕ್ರವೂ ತಿರುಗಲ್ಲ. ಆ ಸೂಚನೆಯನ್ನು ನಾವೇ ಹಾಕಬೇಕು. ಇಲ್ಲದಿದ್ದರೆ ಮಾಹಿತಿ ಬರುವ ತನಕ ಹಳೇ ಪುಟ ಕಲ್ಲಿನ ಹಾಗೆ ನಿಂತಿರುತ್ತೆ.

ಇದರ ಬಿಸಿ ನನಗೆ ತಟ್ಟಿದ್ದು ಹೋದ ವರ್ಷ, ಅಮ್ಮನ ಬಯಾಪ್ಸಿ ರಿಪೋರ್ಟಿಗೆ ಕಾಯ್ತಿದ್ದಾಗ. ಲ್ಯಾಬಿನವರು ಲಿಂಕ್ ಕಳಿಸಿದ್ದರು. ಮೈಸೂರಿನಿಂದ ಅಪ್ಪ ಫೋನ್ ಮಾಡಿದ್ರು. "ಪುಟ್ಟಿ, ನಾನೇ ಏನೋ ತಪ್ಪು ಒತ್ತಿಬಿಟ್ಟೆ ಅನ್ಸುತ್ತೆ ಕಣಮ್ಮ. 'ರಿಪೋರ್ಟ್ ನೋಡಿ' ಅಂತಿದೆ, ಆರು ಸಲ ಒತ್ತಿದೆ, ಏನೂ ಆಗ್ತಿಲ್ಲ."

ನನ್ನ ಫೋನಿನಲ್ಲಿ ತೆರೆದು ನೋಡಿದೆ. ಸುಮಾರು 8 ಸೆಕೆಂಡ್ ಆದ ಮೇಲೆ ರಿಪೋರ್ಟ್ ಬಂತು. ಅಷ್ಟು ಹೊತ್ತೂ ಪರದೆ ಮೇಲೆ ಒಂದು ಚುಕ್ಕಿಯೂ ಅಲ್ಲಾಡಲಿಲ್ಲ. ಗಡ್ಡೆ ಅಪಾಯದ್ದಲ್ಲ ಅಂತ ಬಂತು, ಪುಣ್ಯ. ಆದರೆ ಬ್ಯಾಂಕಿನಲ್ಲಿ ಇಡೀ ಸರ್ವಿಸ್ ನೋಟು ಎಣಿಸಿದ ಅಪ್ಪ, ಅವತ್ತು ತಮ್ಮ ಬೆರಳನ್ನೇ ನಂಬದ ಹಾಗಾಗಿದ್ದರು.

ಕಥೆ ಹೇಳುವ ಅಜ್ಜಿಯರನ್ನು ನೆನಪಿಸ್ಕೊಳ್ಳಿ. ಕೇಳುವವರು ನಡುನಡುವೆ "ಹೂಂ" ಅನ್ನಲೇಬೇಕು. ಹೂಂಗುಟ್ಟೋದು ನಿಲ್ಲಿಸಿದರೆ "ಮಲಗಿಬಿಟ್ಯಾ?" ಅಂತ ಕಥೆಯೇ ನಿಂತುಹೋಗುತ್ತೆ. ನಮ್ಮ ಗೆರೆಯ ಕೆಲಸವೂ ಅಷ್ಟೇ. ಅದು ಹೇಳೋದು "ನೀವು ಒತ್ತಿದ್ದು ನನಗೆ ಗೊತ್ತಾಯ್ತು" ಅಂತ.

ಇದಕ್ಕೆ ಹಳೆಯ ಲೆಕ್ಕವೂ ಇದೆ. ಜೇಕಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಮೂರು ಗಡಿಗಳನ್ನು ಹೇಳಿದ್ದಾರೆ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆಯ್ತು ಅನ್ನಿಸುತ್ತೆ. 1 ಸೆಕೆಂಡಿನ ತನಕ ಯೋಚನೆಯ ಓಟ ಕಡಿಯಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತೆ.

ಮೂರು ದಿನ ಹಿಡಿದದ್ದು ಗೆರೆ ಎಳೆಯೋದಕ್ಕಲ್ಲ, ಅದು ಸುಳ್ಳು ಹೇಳದ ಹಾಗೆ ನೋಡ್ಕೊಳ್ಳೋದಕ್ಕೆ. ಪುಟ 200 ಮಿಲಿಸೆಕೆಂಡ್ ಒಳಗೆ ಬಂದರೆ ಗೆರೆ ಕಾಣಿಸಿಕೊಳ್ಳಬಾರದು ಅಂತ ಮಾಡಿದೆವು; ಇಲ್ಲದಿದ್ದರೆ ಸುಮ್ಮನೆ ಮಿಣುಕಿ ಕಣ್ಣಿಗೆ ಕಿರಿಕಿರಿ. ಗೆರೆಯನ್ನು ಸರ್ರನೆ 90 ಪರ್ಸೆಂಟ್ ತನಕ ಓಡಿಸಿ ನಿಲ್ಲಿಸೋಣ ಅನ್ನೋ ಸಲಹೆ ಬಂತು. ಬೇಡ ಅಂದೆ. ಎಷ್ಟು ಕೆಲಸ ಮುಗಿದಿದೆ ಅಂತ ನಮಗೇ ಗೊತ್ತಿಲ್ಲದಾಗ ಅಳತೆ ತೋರಿಸೋದು ಹೇಗೆ? ಅದರ ಬದಲು ಒಂದೇ ಸಮ ಹರಿಯುವ ಗೆರೆ, 10 ಸೆಕೆಂಡ್ ದಾಟಿದರೆ "ನೆಟ್ ನಿಧಾನ ಇದೆ, ಇನ್ನೂ ತರುತ್ತಿದ್ದೇವೆ" ಅನ್ನುವ ಸಾಲು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವಂತೆ "ಪುಟ ತೆರೆಯುತ್ತಿದೆ" ಅನ್ನುವ ಮಾತು.

ಹೆಚ್ಚು ಹೊತ್ತು ಹಿಡಿದದ್ದು ಕೊನೆಯ ತುಂಡು. ಪುಟ ಬದಲಾವಣೆ ಶುರುವಾದಾಗ ಗೆರೆ ಹಾಕು, ಮುಗಿದಾಗ ತೆಗಿ ಅಂತ ಬರೆಯೋದು ಸುಲಭ. ನಡುವೆ ನೆಟ್ ಕೈಕೊಟ್ಟರೆ? ಅದನ್ನು ಬರೆಯದಿದ್ದರೆ ಗೆರೆ ಹರಿಯುತ್ತಲೇ ಇರುತ್ತೆ, ಬರದ ಪುಟಕ್ಕೆ ಮನುಷ್ಯ ಕಾಯುತ್ತಲೇ ಇರ್ತಾನೆ. ಸುಮ್ಮನಿರುವ ಪರದೆಗಿಂತ ಅದು ದೊಡ್ಡ ಮೋಸ. ಈಗ ನೆಟ್ ಕೈಕೊಟ್ಟರೆ ಗೆರೆ ನಿಲ್ಲುತ್ತೆ, "ಪುಟ ತೆರೆಯಲಿಲ್ಲ, ಮತ್ತೆ ಪ್ರಯತ್ನಿಸಿ" ಅನ್ನುವ ಬಟನ್ ಬರುತ್ತೆ.

ನೀವೂ ಇದೇ ಕೆಲಸದಲ್ಲಿದ್ದರೆ ಒಂದು ಮಾತು. ಆಫೀಸಿನ ವೈಫೈ ನಂಬಬೇಡಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡುವ ಆಯ್ಕೆ ಇದೆ. ಹಾಗೆ ಮಾಡಿ ನಿಮ್ಮ ಆ್ಯಪನ್ನು ನೀವೇ ಹತ್ತು ನಿಮಿಷ ಬಳಸಿ ನೋಡಿ. ಆ ಕೆಲಸದವರಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ: ಒತ್ತಿದ ಮೇಲೂ ಪರದೆ ಹೂಂ ಅನ್ನದಿದ್ದರೆ, ತಪ್ಪು ನಿಮ್ಮ ಬೆರಳಿನದ್ದೇ ಅಂದುಕೊಳ್ಳಬೇಡಿ.