ಕೆಂಚನ ಕೆಲಸ ಹೋಗಿತ್ತು

ನಾಯಿಗೆ ಡಿಪ್ರೆಶನ್ ಆಗಿದೆ ಅಂದ್ರೆ ನಮ್ಮೂರ ಅರಳಿಕಟ್ಟೆಯಲ್ಲಿ ಎಲ್ಲರೂ ನಗ್ತಾರೆ. ಅದೇ 'ನಾಯಿ ಯಾಕೋ ಮಂಕಾಗೈತೆ' ಅನ್ನಿ, ಒಬ್ಬರೂ ನಗಲ್ಲ, ಎದ್ದು ಬಂದು ನೋಡ್ತಾರೆ. ಹಸು ಮೆಲುಕು ಹಾಕೋದು ನಿಲ್ಲಿಸಿದ್ರೆ, ಕುರಿ ಮಂದೆಯಿಂದ ಹಿಂದೆ ಉಳಿದ್ರೆ, ತಟ್ಟೆ ಸದ್ದಿಗೆ ನಾಯಿ ಕಿವಿ ಎತ್ತದಿದ್ರೆ ಅಲ್ಲಿ ಅದು ಸುದ್ದಿ. ಪ್ರಾಣಿಗೆ ಬಾಯಿಲ್ಲ, ಅದರ ಪರವಾಗಿ ಅದರ ದಿನಚರಿ ಮಾತಾಡುತ್ತೆ ಅಂತ ಅವರಿಗೆ ಗೊತ್ತು.

ಪಶುವೈದ್ಯರು ನೋಡೋದೂ ಇದನ್ನೇ. ಮನುಷ್ಯರನ್ನಾದರೆ 'ಹೇಗನ್ನಿಸ್ತಿದೆ?' ಅಂತ ಕೇಳಬಹುದು. ನಾಯಿಯನ್ನ ಕೇಳೋಕಾಗಲ್ಲ. ಹಾಗಾಗಿ ನಾಯಿಯ ಡಿಪ್ರೆಶನ್ ಅಂದ್ರೆ ರಕ್ತಪರೀಕ್ಷೆಯಲ್ಲಿ 'ಪಾಸಿಟಿವ್' ಅಂತ ಬರೋ ಕಾಯಿಲೆಯಲ್ಲ. ನಿನ್ನೆವರೆಗೆ ಮಾಡ್ತಿದ್ದ ಯಾವ್ಯಾವುದನ್ನ ಇವತ್ತು ಬಿಟ್ಟಿದೆ ಅನ್ನೋ ಒಂದು ಪಟ್ಟಿ ಅಷ್ಟೇ. ಆ ಪಟ್ಟಿ ಬರೀಬೇಕಾದ್ರೆ ನಿನ್ನೆವರೆಗೆ ಅದು ಏನು ಮಾಡ್ತಿತ್ತು ಅಂತ ಯಾರಿಗಾದ್ರೂ ಗೊತ್ತಿರಬೇಕು.

ಕೆಂಚನ ವಿಷಯದಲ್ಲಿ ಅದು ಗೊತ್ತಿದ್ದದ್ದು ಅವ್ವನಿಗೆ. ಕೆಂಚ ಅಪ್ಪನ ನಾಯಿ. ಜಾತಿಗೀತಿ ಏನಿಲ್ಲ, ಅಪ್ಪಟ ನಾಟಿ. ತಿಪಟೂರು ಕಡೆಯ ನಮ್ಮೂರಲ್ಲಿ ಏಳು ವರ್ಷ ಅಪ್ಪನ ಜೊತೆ ತೆಂಗಿನ ತೋಟ ಕಾಯ್ದವನು. ಅಪ್ಪ ತೀರಿಕೊಂಡ ಮೇಲೆ ಅವ್ವ ಬೆಂಗಳೂರಿಗೆ ಬರೋಕೆ ಒಪ್ಪಿದ್ದು ಒಂದೇ ಕಂಡೀಷನ್ ಮೇಲೆ: ಕೆಂಚನೂ ಬರಬೇಕು. ಬೆಳ್ಳಂದೂರಿನ ಏಳನೇ ಮಹಡಿಗೆ ಇಬ್ಬರೂ ಒಂದೇ ಕಾರಲ್ಲಿ ಬಂದಿಳಿದರು.

ಮೊದಲ ಎರಡು ವಾರ ಅವನು ಮನೆಯೆಲ್ಲಾ ಮೂಸಿಕೊಂಡು ಓಡಾಡಿದ. ಮೂರನೇ ವಾರ ಬಾಗಿಲ ಕಡೆ ಮುಖ ಮಾಡಿ ಮಲಗಿದವನು ಏಳೋದೇ ಕಮ್ಮಿ ಮಾಡಿದ. ಊಟ ಅರ್ಧಕ್ಕೆ ಬಿಟ್ಟ. ಬೆಲ್ಟ್ ತೆಗೆದ್ರೆ ಕಣ್ಣು ಮಾತ್ರ ಮೇಲಕ್ಕೆ ಬರ್ತಿತ್ತು, ಮೈ ಬರ್ತಿರಲಿಲ್ಲ. ಮುಂಗಾಲನ್ನ ನೆಕ್ಕಿ ನೆಕ್ಕಿ ಅಲ್ಲಿ ಕೂದಲು ತೆಳ್ಳಗಾಯ್ತು. ಮುಖ್ಯವಾಗಿ, ಬೊಗಳೋದು ನಿಂತುಹೋಯ್ತು. 'ಅದಕ್ಕೆ ನಿಮ್ಮಪ್ಪನ ಗ್ಯಾನ ಬಂದೈತೆ ಕಣಪ್ಪ' ಅಂದ್ಲು ಅವ್ವ.

ನಾನು ಕರೆದುಕೊಂಡು ಹೋದ ಡಾಕ್ಟರಮ್ಮ ಅವ್ವನ ಮಾತನ್ನ ತಳ್ಳಿಹಾಕಲಿಲ್ಲ. ಆದರೆ 'ಮೊದಲು ಮೈ ನೋಡೋಣ, ಆಮೇಲೆ ಮನಸ್ಸು' ಅಂದರು. ಇದನ್ನ ನಾಯಿ ಸಾಕಿದ ಎಲ್ಲರೂ ಗಟ್ಟಿಯಾಗಿ ಹಿಡ್ಕೋಬೇಕು. ಉಣ್ಣೆಯಿಂದ ಬರೋ ಟಿಕ್ ಫೀವರ್ ನಮ್ಮ ಕಡೆ ತುಂಬಾ ಸಾಮಾನ್ಯ, ಅದರಲ್ಲೂ ನಾಯಿ ಹೀಗೇ ಊಟ ಬಿಟ್ಟು ಮಂಕಾಗುತ್ತೆ. ಥೈರಾಯ್ಡ್ ಕಮ್ಮಿಯಾದ್ರೂ ಅಷ್ಟೇ, ಹಲ್ಲುನೋವು, ಕೀಲುನೋವು ಇದ್ದರೂ ಅಷ್ಟೇ. 'ಪಾಪ, ಬೇಜಾರು ಮಾಡ್ಕೊಂಡಿದೆ' ಅಂತ ನಾವು ಸಮಾಧಾನ ಹೇಳ್ತಾ ಕೂತಿರುವಾಗ ಒಳಗೆ ಪ್ಲೇಟ್‌ಲೆಟ್ ಇಳಿದಿರಬಹುದು. ಕೆಂಚನ ರಕ್ತ, ಹಲ್ಲು, ಕೀಲು, ಥೈರಾಯ್ಡ್ ಎಲ್ಲಾ ಸರಿಯಿತ್ತು. ಹಾಗಾದ್ರೆ ಅವ್ವ ಹೇಳಿದ್ದು ನಿಜ ಇರಬಹುದು.

ಅವ್ವನ ಮಾತಿಗೆ ಹತ್ತಿರದ ಒಂದು ಅಧ್ಯಯನ 2022ರಲ್ಲಿ ಇಟಲಿಯಿಂದ ಬಂತು. ಮನೆಯಲ್ಲಿದ್ದ ಎರಡು ನಾಯಿಗಳಲ್ಲಿ ಒಂದು ಸತ್ತ ಮೇಲೆ ಉಳಿದದ್ದು ಹೇಗಿರುತ್ತೆ ಅಂತ 426 ಮಾಲೀಕರನ್ನ ಕೇಳಿದ್ದರು. ನಾಯಿ ಬದಲಾಯ್ತು ಅಂದವರು ಶೇಕಡಾ 86. ಆಟ ಕಮ್ಮಿ, ನಿದ್ದೆ ಜಾಸ್ತಿ, ಊಟ ಕಮ್ಮಿ, ಹೆದರಿಕೆ ಜಾಸ್ತಿ. ಇವೆಲ್ಲ ಮಾಲೀಕರ ಕಣ್ಣಿಗೆ ಕಂಡದ್ದು ಅನ್ನೋದು ನೆನಪಿರಲಿ. ಮಾಲೀಕರ ದುಃಖಕ್ಕೂ ನಾಯಿಯ ವರ್ತನೆಗೂ ನಂಟಿರೋದು ಕೂಡ ಅದರಲ್ಲೇ ಕಾಣಿಸಿತ್ತು.

ಆದರೆ ಕೆಂಚ ಕಳ್ಕೊಂಡದ್ದು ಅಪ್ಪನನ್ನ ಮಾತ್ರನಾ? ನನ್ನನ್ನ ಆ ಕಡೆ ಯೋಚಿಸೋಹಾಗೆ ಮಾಡಿದ್ದು ಇನ್ನೊಂದು ಹಳೇ ಪ್ರಯೋಗ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್, ಏನು ಮಾಡಿದರೂ ನಿಲ್ಲಿಸೋಕಾಗದಂಥ ಶಾಕ್‌ಗಳನ್ನ ಒಂದಷ್ಟು ನಾಯಿಗಳಿಗೆ ಕೊಟ್ಟರು. ಆಮೇಲೆ ಸಣ್ಣ ಅಡ್ಡಗೋಡೆ ಹಾರಿದ್ರೆ ಶಾಕ್ ತಪ್ಪುವಂಥ ಪೆಟ್ಟಿಗೆಯಲ್ಲಿ ಬಿಟ್ಟರೆ, ಅವುಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ, ಕುಂಯ್ ಅಂತ ಅಲ್ಲೇ ಮಲಗಿದವು. ಓದಿದ್ರೆ ಹೊಟ್ಟೆ ತೊಳಸುವಷ್ಟು ಕ್ರೂರ. ಮನುಷ್ಯರ ಡಿಪ್ರೆಶನ್ ಅರ್ಥ ಮಾಡ್ಕೊಳ್ಳೋಕೆ ದಶಕಗಳ ಕಾಲ ಬಳಸಿದ ಒಂದು ಸಿದ್ಧಾಂತ ಹುಟ್ಟಿದ್ದು ಆ ನಾಯಿಗಳ ಸಂಕಟದಿಂದಲೇ. ಆ ನಾಯಿಗಳನ್ನ ಸರಿ ಮಾಡೋಕೆ ಕೊನೆಗೆ ಕೆಲಸಕ್ಕೆ ಬಂದದ್ದು ಒಂದೇ ದಾರಿ: ಬೆಲ್ಟ್ ಹಿಡಿದು ಎಳೆದು, ಮತ್ತೆ ಮತ್ತೆ ಅಡ್ಡಗೋಡೆ ದಾಟಿಸೋದು. 'ನಾನು ಕಾಲಾಡಿಸಿದ್ರೆ ಏನಾದ್ರೂ ಬದಲಾಗುತ್ತೆ' ಅಂತ ಅವಕ್ಕೆ ಮೈಯಿಂದಲೇ ಗೊತ್ತಾಗಬೇಕಿತ್ತು. 2016ರಲ್ಲಿ ಅದೇ ಇಬ್ಬರು ತಮ್ಮ ಸಿದ್ಧಾಂತವನ್ನ ತಿದ್ದಿದರು: ಕಷ್ಟ ತುಂಬಾ ಹೊತ್ತು ಮುಂದುವರಿದ್ರೆ ಮುದುಡಿಕೊಳ್ಳೋದು ಜೀವಿಗೆ ತಾನಾಗೇ ಬರುತ್ತೆ, ಕಲಿಯಬೇಕಾದ್ದು ತನ್ನ ಕೈಲಿ ಏನೋ ಇದೆ ಅನ್ನೋದನ್ನ.

ಈಗ ಕೆಂಚನ ದಿನ ನೋಡಿ. ಊರಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಅಪ್ಪನಿಗಿಂತ ಮುಂಚೆ ತೋಟ ಸೇರ್ತಿದ್ದ. ಬೊಗಳಿದ್ರೆ ಮಂಗ ಓಡ್ತಿತ್ತು. ಮೂಸಿದ್ರೆ ಹೆಗ್ಗಣದ ಬಿಲ ಸಿಗ್ತಿತ್ತು. ಬಿಸಿಲಾದ್ರೆ ಯಾವ ಮರದ ನೆರಳು ಅಂತ ಅವನೇ ತೀರ್ಮಾನ ಮಾಡ್ತಿದ್ದ. ಫ್ಲ್ಯಾಟಲ್ಲಿ ನಾವು ತೆಗೆದ್ರೆ ಬಾಗಿಲು, ನಾವು ಇಟ್ಟರೆ ಊಟ, ನಾವು ಒತ್ತಿದ್ರೆ ಲಿಫ್ಟ್. ಯಜಮಾನನ ಜೊತೆ ಅವನ ಕೆಲಸವೂ ಹೋಗಿತ್ತು. ಲೇಆಫ್ ಸುದ್ದಿ ಬಂದಾಗೆಲ್ಲ ನಿದ್ದೆ ಕೆಡಿಸ್ಕೊಳ್ಳೋ ನಮ್ಮಂಥವರಿಗೆ ಇದು ಅರ್ಥವಾಗದ ಸಂಕಟವೇನಲ್ಲ.

ಡಾಕ್ಟರಮ್ಮ ಕೊಟ್ಟ ಚಿಕಿತ್ಸೆ ಹೆಚ್ಚುಕಮ್ಮಿ ಕೆಲಸ ವಾಪಸ್ ಕೊಡೋದೇ ಆಗಿತ್ತು. ದಿನಕ್ಕೆ ಮೂರು ವಾಕ್, ಅದೇ ಅದೇ ಹೊತ್ತಿಗೆ. ಗೇಟ್ ದಾಟಿದ ಮೇಲೆ ಎಡಕ್ಕೋ ಬಲಕ್ಕೋ ಅವನೇ ಹೇಳಬೇಕು, ಮೂಸೋಕೆ ನಿಂತ್ರೆ ಎಳೀಬಾರದು. ಮುದುಡಿ ಮಲಗಿದ್ದಾಗ ಸುತ್ತ ಕೂತು ಗೋಳಾಡೋದಕ್ಕಿಂತ, ಎದ್ದು ಬಂದ ಗಳಿಗೆಯಲ್ಲಿ ಮಾತಾಡಿಸಿ. ಊಟ ಸುಮ್ಮನೆ ತಟ್ಟೆಗೆ ಹಾಕಬೇಡಿ, ಹುಡುಕಿ ತಿನ್ನಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ.

ಔಷಧಿಯೂ ಇದೆ. ಮನುಷ್ಯರಿಗೆ ಕೊಡೋ ಫ್ಲುಯಾಕ್ಸೆಟಿನ್‌ಗೆ ಅಮೆರಿಕದಲ್ಲಿ 2007ರಲ್ಲೇ ನಾಯಿಗಳಿಗೂ ಅನುಮತಿ ಸಿಕ್ಕಿದೆ, ಯಜಮಾನ ಬಿಟ್ಟುಹೋದಾಗಿನ ಗಾಬರಿಗೆ, ಅದೂ ತರಬೇತಿಯ ಜೊತೆಯಲ್ಲೇ. ಪರಿಣಾಮ ಕಾಣೋಕೆ ವಾರಗಳೇ ಬೇಕು, ಮನಸ್ಸು ಬಂದಾಗ ನಿಲ್ಲಿಸೋಹಾಗಿಲ್ಲ. 'ಆರು ವಾರ ನೋಡೋಣ, ಆಗದಿದ್ರೆ ಶುರು ಮಾಡೋಣ' ಅಂದರು. ನಿಮ್ಮ ಡಬ್ಬಿಯ ಮಾತ್ರೆ ಮುರಿದು ನಾಯಿಗೆ ಹಾಕೋ ಸಾಹಸ ಮಾತ್ರ ಮಾಡಬೇಡಿ. ನಮಗೆ ಸಲೀಸಾದ ಐಬುಪ್ರೊಫೆನ್ ಅದಕ್ಕೆ ವಿಷ.

ಹುಡುಕಿ ತಿನ್ನಿಸೋಕೆ ಆನ್‌ಲೈನಲ್ಲಿ ಸಾವಿರ ರೂಪಾಯಿಯ ಆಟಿಕೆ ನೋಡ್ತಿದ್ದೆ. ಅಷ್ಟರಲ್ಲಿ ಅವ್ವ ಮೂರು ಕರಟ ಬೋರಲು ಹಾಕಿ, ಒಂದರ ಕೆಳಗೆ ಮುದ್ದೆ ಚೂರು ಇಟ್ಟಿದ್ಲು. ಮೊದಲ ದಿನ ಕೆಂಚ ನೋಡಿ ಮುಖ ತಿರುಗಿಸಿದ. ನಾಲ್ಕನೇ ದಿನ ಮೂಗಿನಿಂದ ಒಂದನ್ನ ತಳ್ಳಿದ. ಮುದ್ದೆ ಅವ್ವನೇ ಮಾಡಬೇಕು, ಹಾಗಾಗಿ ರಾತ್ರಿ ಅಡುಗೆಗೆ ಕೆಲಸದವರು ಬೇಡ ಅಂತ ಅವಳೇ ಹೇಳಿಬಿಟ್ಲು. ಸಂಜೆಯ ವಾಕ್ ಕೂಡ ಅವಳದ್ದೇ. ಕೆಂಚ ಎಡಕ್ಕೆ ಎಳೆದು ಎಳೆದು ಖಾಲಿ ಸೈಟೊಂದನ್ನ ತೋರಿಸಿದ, ಅಲ್ಲಿ ಹೊನಗೊನೆ ಸೊಪ್ಪು ಬೆಳೆದಿತ್ತಂತೆ. ಅಪ್ಪ ಹೋದ ಮೇಲೆ ಅವ್ವ 'ನಾಳೆ' ಅನ್ನೋ ಮಾತು ಆಡಿದ್ದನ್ನ ನಾನು ಮೊದಲು ಕೇಳಿದ್ದು ಆವತ್ತು: 'ನಾಳೆ ಬಸ್ಸಾರು ಮಾಡ್ತೀನಿ.'

ಐದನೇ ವಾರ ಕೆಂಚನ ತಟ್ಟೆ ಖಾಲಿಯಾಗೋಕೆ ಶುರುವಾಯ್ತು. ಮಾತ್ರೆ ಬೇಕಾಗಲಿಲ್ಲ. ಬೇಕಾಗಿದ್ರೆ ಕೊಡ್ತಿದ್ದೆ, ಅದರಲ್ಲಿ ಸಂಕೋಚ ಪಡೋಕೆ ಏನೂ ಇಲ್ಲ. ಈಗಲೂ ಕೆಲವು ರಾತ್ರಿ ಅವನು ಬಾಗಿಲ ಕಡೆ ಮುಖ ಮಾಡೇ ಮಲಗ್ತಾನೆ. ಕೆಲವು ರಾತ್ರಿ ಅವ್ವ ಕೂಡ ಅಲ್ಲೇ ಪಕ್ಕದಲ್ಲಿ ಕೂತಿರ್ತಾಳೆ.

ಏಳನೇ ವಾರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಒಂದು ದೂರು ಬಂತು: ಏಳನೇ ಮಹಡಿಯ ನಾಯಿ ಲಿಫ್ಟ್ ಸದ್ದಿಗೆಲ್ಲ ಬೊಗಳುತ್ತೆ, ದಯವಿಟ್ಟು ಕಂಟ್ರೋಲ್ ಮಾಡಿ. ಓದಿ ಹೇಳಿದೆ. ಅವ್ವ ಜೋರಾಗಿ ನಕ್ಕಳು. 'ಡ್ಯೂಟಿಗೆ ಹಾಜರಾಗವನೆ ಅಂತ ಬರಿ' ಅಂದ್ಲು. ನಾನು 'ಸಾರಿ, ನೋಡ್ಕೋತೀವಿ' ಅಂತ ಟೈಪ್ ಮಾಡಿದೆ.