ಚೀಟಿ ಸರಿಯುವ ಹಲಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಂತ್ರಾಂಶ ಕ್ಷೇತ್ರದಲ್ಲಿದ್ದಾರೆ. ಶಿವಮೊಗ್ಗಕ್ಕೆ ಬಂದು ಮಾತಿಗೆ ಕುಳಿತರೆ 'ಅಜೈಲ್', 'ಸ್ಪ್ರಿಂಟ್', 'ಜಿರಾ' ಎಂಬ ಶಬ್ದಗಳೇ ಕಿವಿಗೆ ಬೀಳುತ್ತವೆ. ಇವುಗಳನ್ನು ಕುರಿತು ನಾನು ತಿಳಿದುಕೊಂಡದ್ದನ್ನು, ನನ್ನಂತೆಯೇ ಹೊರಗಿನವರಾದ ಬಂಧುಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆಯದು. ಎರಕದಲ್ಲಿ ಅಳತೆಯೆಲ್ಲ ನಿಶ್ಚಯವಾಗಿ ಅಚ್ಚು ಸಿದ್ಧವಾದ ಮೇಲೆಯೇ ಕರಗಿದ ಲೋಹವನ್ನು ಸುರಿಯಬೇಕು; ಸುರಿದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ತಂತ್ರಾಂಶ ಹಾಗಲ್ಲ. ಅದನ್ನು ಸ್ವಲ್ಪ ಸ್ವಲ್ಪವಾಗಿ ಕಟ್ಟಿ, ಬಳಸುವವರಿಗೆ ತೋರಿಸಿ, ತಿದ್ದಬಹುದು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ತಂತ್ರಜ್ಞರು ಸೇರಿ ಹೊರಡಿಸಿದ ಅಜೈಲ್ ಘೋಷಣೆಯ ತಿರುಳು ಇದೇ. ಉಪಕರಣಗಳಿಗಿಂತ ಮನುಷ್ಯರು ಮತ್ತು ಅವರ ಪರಸ್ಪರ ಮಾತುಕತೆ ದೊಡ್ಡದೆಂದೂ ಅವರು ಸಾರಿದರು.

ವಿನೋದವೆಂದರೆ, ಆ ಮಾತುಕತೆಗೆ ನೆರವಾಗಲು ಉಪಕರಣಗಳೇ ಬಂದವು. 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಸಂಸ್ಥೆ ಜಿರಾವನ್ನು ಹೊರತಂದಿತು. ಗಾಡ್ಜಿಲ್ಲಾ ಎಂಬ ದೈತ್ಯಪ್ರಾಣಿಯ ಜಪಾನಿ ಹೆಸರು 'ಗೋಜಿರಾ'. ಅದರ ಬಾಲವೇ ಈ ಹೆಸರು! ಪರದೆಯ ಮೇಲೊಂದು ಹಲಗೆ. 'ಮಾಡಬೇಕಾದದ್ದು', 'ನಡೆಯುತ್ತಿರುವುದು', 'ಮುಗಿದದ್ದು' ಎಂಬ ಅಂಕಣಗಳು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಕೆಲಸ ಸಾಗಿದಂತೆ ಚೀಟಿ ಬಲಕ್ಕೆ ಸರಿಯುತ್ತದೆ. ಇದರ ಮೂಲ ಜಪಾನಿನ ಟೊಯೊಟಾ ಕಾರ್ಖಾನೆಯ 'ಕಾನ್ಬಾನ್' ಚೀಟಿ.

2021ರಲ್ಲಿ ನನ್ನ ಸೋದರಳಿಯ ಭದ್ರಾವತಿಯ ಮನೆಯಿಂದಲೇ ಬೆಂಗಳೂರಿನ ಕಚೇರಿಯ ಕೆಲಸ ಮಾಡುತ್ತಿದ್ದ. ಆಗ ನನ್ನ ತಂಗಿ ಕಾಯಿಲೆ ಬಿದ್ದಳು. ಅವನ ಚೀಟಿಯೊಂದು ಒಂಬತ್ತು ದಿನ ಕದಲಲಿಲ್ಲ. ತಂಡದ ಮುಖ್ಯಸ್ಥೆ ಅದನ್ನು ಗಮನಿಸಿ ದೂರವಾಣಿ ಮಾಡಿದರು. ವಿಷಯ ತಿಳಿದೊಡನೆ ಆ ಕೆಲಸವನ್ನು ಮೂರಾಗಿ ವಿಂಗಡಿಸಿ, ಎರಡನ್ನು ಬೇರೆಯವರಿಗೆ ವಹಿಸಿದರು. ಹಲಗೆಯಿರದಿದ್ದರೆ ಸಂಕೋಚ ಸ್ವಭಾವದ ನಮ್ಮ ಹುಡುಗ ಬಾಯಿಬಿಡುತ್ತಲೇ ಇರಲಿಲ್ಲ.

ಬೇರೊಂದು ಸಂಸ್ಥೆಯಲ್ಲಿರುವ ನನ್ನ ಶಿಷ್ಯೆಯ ಅನುಭವ ಇದಕ್ಕೆ ವಿರುದ್ಧ. ಕೆಲಸದ ಕಷ್ಟವನ್ನು ಅಂದಾಜಿಸಲು ತಂಡದವರೇ ಕೊಟ್ಟುಕೊಳ್ಳುವ ಅಂಕಗಳನ್ನು ಅಲ್ಲಿ ತಂಡತಂಡಗಳ ನಡುವೆ ಹೋಲಿಸಿ ಪಟ್ಟಿ ಹಾಕಿದರಂತೆ. ಮರುತಿಂಗಳಿನಿಂದ ಎಲ್ಲರ ಅಂಕವೂ ಏರಿತು, ಕೆಲಸ ಏರಲಿಲ್ಲ. ಇದು ಶಿಕ್ಷಕನಾದ ನನಗೆ ಹೊಸತಲ್ಲ. ಒಂದು ಶಾಲೆಯ ಕಿರುಪರೀಕ್ಷೆಯ 80 ಅಂಕವೂ ಇನ್ನೊಂದು ಶಾಲೆಯ 60 ಅಂಕವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ, ಪ್ರಶ್ನೆಪತ್ರಿಕೆಯೇ ಬೇರೆ. ತನ್ನ ಮುಂದಿನ ಎರಡು ವಾರಕ್ಕೆ ಎಷ್ಟು ಕೆಲಸ ಹೊರಬಹುದೆಂದು ತಂಡವೊಂದು ಅರಿಯಲು ಮಾತ್ರ ಆ ಅಂಕ.

ನಿಮ್ಮಲ್ಲಿ ತಂಡಗಳ ಹೊಣೆ ಹೊತ್ತವರಿಗೆ ನನ್ನದೊಂದು ಮಾತು. ಚೀಟಿ ನಿಂತಿದೆ ಎಂದು ಹಲಗೆ ಹೇಳುತ್ತದೆ; ಏಕೆ ನಿಂತಿದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ನೀವೇ ಕೇಳಬೇಕು, ಗದರದೆ ಕೇಳಬೇಕು.