ಶಿರವಸ್ತ್ರದ ಮರೆಯ ಕೂದಲು

ಫಜ್ರ್ ನಮಾಝಿಗಾಗಿ ವುಝೂ ಮಾಡುತ್ತಿದ್ದೆ. ಒದ್ದೆ ಕೈಗಳಿಂದ ತಲೆ ಸವರಿ ಹಿಂತೆಗೆದಾಗ ಬೆರಳುಗಳ ಸಂದಿಯಲ್ಲಿ ಕೂದಲಿನ ಚೂರುಗಳು ಅಂಟಿಕೊಂಡಿದ್ದವು. ಉದ್ದನೆಯ ಎಳೆಗಳಲ್ಲ, ಬೆರಳುದ್ದದ ತುಂಡುಗಳು. ನಲ್ಲಿಯ ಕೆಳಗೆ ಅವನ್ನು ಹರಿಯಬಿಟ್ಟೆ, ಕಾಲು ತೊಳೆದು ವುಝೂ ಮುಗಿಸಿದೆ, ಶಿರವಸ್ತ್ರ ಬಿಗಿದುಕೊಂಡು ನಮಾಝಿಗೆ ನಿಂತೆ. ಇದು 2022ರ ಚಳಿಗಾಲದ ಮಾತು. ಹೀಗೆ ತೊಳೆದು ಮರೆಯುವುದು ಆ ವೇಳೆಗಾಗಲೇ ನನಗೆ ಅಭ್ಯಾಸವಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ. ಮದುವೆಯಾಗಿ ಬಂದದ್ದು ಕೃಷ್ಣರಾಜಪೇಟೆಗೆ. ಶಿಕ್ಷಕಿಯಾಗಿ ದುಡಿಯುತ್ತಿರುವುದು ನಾಗಮಂಗಲ ತಾಲೂಕಿನ ಒಂದು ಶಾಲೆಯಲ್ಲಿ. ತಂಗಿಯನ್ನು ಪಾಂಡವಪುರಕ್ಕೆ ಕೊಟ್ಟಿದ್ದೇವೆ. ಈ ನಾಲ್ಕು ಊರುಗಳ ನಡುವಿನ ಬಸ್ಸುಗಳಲ್ಲಿಯೇ ನನ್ನ ಬದುಕಿನ ಬಹುಭಾಗ ಕಳೆದಿದೆ ಎಂದರೆ ತಪ್ಪಾಗದು. ನಮ್ಮ ತಾಯಿಯ ಕೂದಲು ರೇಷ್ಮೆಯ ನೂಲಿನಂತೆ ತೆಳು, ಸ್ವಲ್ಪ ಅಲೆಅಲೆ. ನನಗೂ ಅದೇ ಬಂದಿದೆ. ಸೀಗೆಕಾಯಿ ಹಚ್ಚಿ ಕಾವೇರಿಯ ನೀರಿನಲ್ಲಿ ತೊಳೆದು, ತಾಯಿ ಸಿಕ್ಕು ಬಿಡಿಸುತ್ತಿದ್ದ ದಿನಗಳಲ್ಲಿ ಅದೊಂದು ಕೊರತೆಯೆಂದು ನನಗೆ ಅನಿಸಿರಲೇ ಇಲ್ಲ.

2021ರಲ್ಲಿ ತಂಗಿಯ ಮದುವೆ ಗೊತ್ತಾದಾಗ ನಗರದ ಒಂದು ಪಾರ್ಲರಿನಲ್ಲಿ ಕೂದಲನ್ನು ನೇರಗೊಳಿಸಿಕೊಂಡೆ. ಸ್ಟ್ರೈಟನಿಂಗ್ ಎಂದು ಕರೆಯುವ ಈ ಕ್ರಮದಲ್ಲಿ ನಡೆಯುವುದೇನೆಂದು ಆಗ ನಾನು ವಿಚಾರಿಸಲಿಲ್ಲ. ಕೂದಲೆಂಬುದು ಕೆರಟಿನ್ ಎಂಬ ಪ್ರೋಟೀನಿನ ಎಳೆ. ಅದರ ಬಲವೂ ಆಕಾರವೂ ಒಳಗಿನ ಗಂಧಕದ ಬಂಧಗಳನ್ನು ಅವಲಂಬಿಸಿವೆ. ರಾಸಾಯನಿಕವು ಆ ಬಂಧಗಳನ್ನು ಬಿಡಿಸುತ್ತದೆ, ಕಾದ ಇಸ್ತ್ರಿ ಎಳೆಯನ್ನು ಚಪ್ಪಟೆಗೊಳಿಸುತ್ತದೆ, ಮತ್ತೊಂದು ರಾಸಾಯನಿಕ ಹೊಸ ಆಕಾರದಲ್ಲಿ ಬಂಧಗಳನ್ನು ಕೂಡಿಸುತ್ತದೆ. ಆದರೆ ಬಿಟ್ಟದ್ದೆಲ್ಲವೂ ಮರಳಿ ಕೂಡುವುದಿಲ್ಲ. ದಪ್ಪ ಕೂದಲು ಇದನ್ನು ಹೇಗೋ ತಾಳಿಕೊಂಡೀತು, ತೆಳು ಕೂದಲಿಗೆ ಅಷ್ಟು ಶಕ್ತಿಯಿಲ್ಲ. ಬುಡದಿಂದ ಹೊಸ ಕೂದಲು ಅಲೆಯಾಗಿಯೇ ಹುಟ್ಟುವುದರಿಂದ ಮತ್ತೆ ಹೋಗಬೇಕಾಯಿತು. ಒಂದೂವರೆ ವರ್ಷದಲ್ಲಿ ಮೂರು ಬಾರಿ ಹೋದೆ. ಪ್ರತಿ ಬಾರಿಯೂ ಮೊದಲೇ ಬೆಂದ ಭಾಗಕ್ಕೆ ಮತ್ತೆ ಮದ್ದು ತಗಲಿತು.

ಮೂರು ದಿನ ತಲೆಗೆ ನೀರು ಸೋಕಿಸಬಾರದು ಎಂದು ಪಾರ್ಲರಿನವರು ಹೇಳಿ ಕಳುಹಿಸುತ್ತಿದ್ದರು. ಹಾಗಾದರೆ ವುಝೂವಿನಲ್ಲಿ ತಲೆ ಸವರುವುದು? ಬೆರಳ ತುದಿಯನ್ನು ಹೆದರಿ ಹೆದರಿ ತಾಗಿಸಿದೆ. ಅಲ್ಲಾಹನ ಸನ್ನಿಧಿಯಲ್ಲಿ ನಿಲ್ಲಲು ಸಿದ್ಧಳಾಗುತ್ತಿದ್ದವಳ ಮನಸ್ಸು ಪಾರ್ಲರಿನ ರಸೀದಿಯ ಮೇಲಿತ್ತು. ಈಗ ಅದನ್ನು ಬರೆಯಲೂ ಸಂಕೋಚವಾಗುತ್ತದೆ.

ಮೂರನೆಯ ಬಾರಿ ಹೋಗಿ ಬಂದ ತಿಂಗಳಲ್ಲಿಯೇ ಅತ್ತೆಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸೋತವು, ಮಾತು ತೊದಲಿತು. ಅಂದಿನಿಂದ ನನ್ನ ದಿನ ನಾಲ್ಕೂವರೆಗೆ ಆರಂಭವಾಗುತ್ತಿತ್ತು. ತಲೆಗೆ ಸ್ನಾನ, ನಮಾಝ್, ಅತ್ತೆಯವರನ್ನು ಎಬ್ಬಿಸಿ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಮಕ್ಕಳ ಬುತ್ತಿ, ಬಳಿಕ ನಾಗಮಂಗಲದ ಬಸ್ಸು. ಅತ್ತೆಯವರ ನರೆತ ಕೂದಲಿಗೆ ನಿತ್ಯವೂ ಎಣ್ಣೆ ಸವರಿ, ಸಿಕ್ಕು ಬಿಡಿಸಿ, ಸಣ್ಣ ಜಡೆ ಹಾಕುತ್ತಿದ್ದೆ. ನನ್ನದನ್ನೋ, ಒದ್ದೆಯಾಗಿರುವಾಗಲೇ ಬಿಗಿಯಾಗಿ ಗಂಟು ಕಟ್ಟಿ ಮೇಲೆ ಶಿರವಸ್ತ್ರ ಸುತ್ತಿ ಹೊರಡುತ್ತಿದ್ದೆ. ಒದ್ದೆ ಕೂದಲು ಒಣಗಿದ್ದಕ್ಕಿಂತ ಬಲಹೀನ, ಎಳೆದರೆ ಹಿಗ್ಗಿ ತುಂಡಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಏನಾದರೂ ಮಾಡುತ್ತಿದ್ದೆನೇ ಎಂಬುದು ಬೇರೆ ಮಾತು. ಯಾರು ನೋಡುತ್ತಾರೆ ಎಂಬ ಉತ್ತರ ಸದಾ ಸಿದ್ಧವಾಗಿತ್ತು. ಇನ್ನೂ ಕೆಟ್ಟದ್ದೆಂದರೆ, ಈ ಅಲಕ್ಷ್ಯವನ್ನು ನಾನು ವಿರಕ್ತಿಯೆಂದು ಭಾವಿಸಿ ಒಳಗೊಳಗೇ ಸಂತೋಷಪಡುತ್ತಿದ್ದೆ.

2023ರ ರಂಝಾನ್ ಹಬ್ಬಕ್ಕೆ ಪಾಂಡವಪುರಕ್ಕೆ ಹೋದಾಗ ತಂಗಿ ನನ್ನ ತಲೆ ಬಾಚಲು ಕುಳಿತಳು. ಶಿರವಸ್ತ್ರ ಸರಿಸಿದವಳು ಬಹಳ ಹೊತ್ತು ಮಾತಾಡಲಿಲ್ಲ. ಬೈತಲೆ ಎರಡು ಬೆರಳಷ್ಟು ಅಗಲವಾಗಿತ್ತು, ನೆತ್ತಿಯ ಸುತ್ತ ಕೂದಲು ಹುಲ್ಲು ಮೇಯ್ದ ಬಯಲಿನಂತಿತ್ತು. “ಆಪಾ, ಅತ್ತೆಯವರ ತಲೆ ಅಷ್ಟು ಚೆಂದ ಇಟ್ಟಿದ್ದೀರಿ, ಇದೇನಿದು?” ಎಂದಳು.

ಅವಳೇ ಒತ್ತಾಯಿಸಿ ಮಂಡ್ಯದ ಚರ್ಮವೈದ್ಯೆಯೊಬ್ಬರ ಬಳಿ ಕರೆದೊಯ್ದಳು. ಅಲ್ಲಿ ತಿಳಿದದ್ದೇನೆಂದರೆ, ನನ್ನಲ್ಲಿದ್ದುದು ಒಂದಲ್ಲ, ಎರಡು ತೊಂದರೆ. ಕೆಲವು ಕೂದಲು ನಡುವೆ ತುಂಡಾಗುತ್ತಿದ್ದವು, ಅದು ರಾಸಾಯನಿಕದ ಫಲ. ಇನ್ನು ಕೆಲವು ಬುಡದಲ್ಲಿ ಬಿಳಿಯ ಪುಟ್ಟ ಗೆಡ್ಡೆಯೊಂದಿಗೆ ಇಡಿಯಾಗಿ ಉದುರುತ್ತಿದ್ದವು. ದೇಹ ಬಳಲಿದಾಗ, ರಕ್ತದಲ್ಲಿ ಕಬ್ಬಿಣದ ಅಂಶ ಕುಸಿದಾಗ ಹಾಗಾಗುತ್ತದೆ. ಹೊರಗೆ ಬಂದ ಕೂದಲು ನಿರ್ಜೀವ ವಸ್ತು, ಹಾಳಾದ ಎಳೆಯನ್ನು ಯಾವ ಎಣ್ಣೆಯೂ ಮರಳಿ ಜೀವಂತಗೊಳಿಸದು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬರುವ ಹೊಸ ಕೂದಲನ್ನು ಕಾಪಾಡಿಕೊಳ್ಳುವುದೇ ದಾರಿ ಎಂದರು. ಬಳಿಕ, “ಬೆಳಗಿನ ತಿಂಡಿ ಎಷ್ಟು ಗಂಟೆಗೆ ತಿನ್ನುತ್ತೀರಿ?” ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ತಂಗಿ ನನ್ನ ಮುಖ ನೋಡಿದಳು.

ಆ ರಾತ್ರಿ ನೆನಪಾದದ್ದು ಸಲ್ಮಾನ್ ಫಾರಿಸೀ(ರ) ಮತ್ತು ಅಬುದ್ದರ್ದಾ(ರ)ರ ಪ್ರಸಂಗ. ಸಹೀಹ್ ಬುಖಾರಿಯಲ್ಲಿರುವ ಇದನ್ನು ನಾವೆಲ್ಲರೂ ಪ್ರವಚನಗಳಲ್ಲಿ ಕೇಳಿದ್ದೇವೆ. ಅಬುದ್ದರ್ದಾರು ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ಹೊರಟಾಗ ಸಲ್ಮಾನರು ಅವರನ್ನು ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು. ಪ್ರಭುವಿಗೂ ನಿನಗೂ ಮನೆಯವರಿಗೂ ನಿನ್ನ ಮೇಲೆ ಹಕ್ಕುಂಟು, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸು ಎಂದು ತಿಳಿಹೇಳಿದರು. ಪ್ರವಾದಿ(ಸ)ಯವರು ಅದನ್ನು ಕೇಳಿ ಸಲ್ಮಾನರ ಮಾತು ಸತ್ಯವೆಂದರು. ಪ್ರವಚನಕಾರರು ಸಾಮಾನ್ಯವಾಗಿ ಇಲ್ಲಿಂದಲೇ ಕಥೆ ಹಿಡಿಯುತ್ತಾರೆ. ಆದರೆ ಪ್ರಸಂಗ ಆರಂಭವಾಗುವುದು ಅಲ್ಲಿಂದಲ್ಲ. ಮನೆಗೆ ಬಂದ ಸಲ್ಮಾನರು ಮೊದಲು ಕಂಡದ್ದು ಉಮ್ಮುದ್ದರ್ದಾ(ರ)ರು ಹಳೆಯ ಮಾಸಿದ ಉಡುಪಿನಲ್ಲಿದ್ದುದನ್ನು. ಏಕೆ ಹೀಗಿರುವಿರಿ ಎಂದು ಅವರು ಕೇಳಿದರು. ಒಬ್ಬ ಸ್ತ್ರೀ ತನ್ನ ಕುರಿತು ಅಕ್ಕರೆ ಕಳೆದುಕೊಂಡಿರುವುದನ್ನು ಆ ಅತಿಥಿ ಸಣ್ಣ ಸಂಗತಿಯೆಂದು ದಾಟಿಹೋಗಲಿಲ್ಲ. ಆ ಮನೆಯಲ್ಲಿ ಏನೋ ಸರಿಯಿಲ್ಲವೆಂಬುದು ತಿಳಿದದ್ದೇ ಅದರಿಂದ.

ಉಮ್ಮುದ್ದರ್ದಾರ ವಿಷಯದಲ್ಲಿ ಪತಿಯ ನಿರ್ಲಿಪ್ತತೆ ಕಾರಣವಾಗಿತ್ತು. ನನ್ನನ್ನು ಯಾರೂ ತಡೆದಿರಲಿಲ್ಲ. ಯಾರೂ ಕೇಳಿರಲಿಲ್ಲ ಎನ್ನಬಹುದು, ಆದರೆ ಕೇಳುವಂತೆ ನಾನೂ ಬಿಟ್ಟಿರಲಿಲ್ಲ. ಕೃಷ್ಣರಾಜಪೇಟೆಗೆ ಮರಳಿ ಪತಿಯ ಮುಂದೆ ವೈದ್ಯೆಯ ಚೀಟಿ ಇಟ್ಟೆ. ಅವರು ಓದಿ, “ಅಮ್ಮಿಗೆ ಗಂಜಿ ಕುಡಿಸುವುದನ್ನೂ ವ್ಯಾಯಾಮ ಮಾಡಿಸುವುದನ್ನೂ ನನಗೆ ಕಲಿಸು” ಎಂದರು. ಮೊದಲ ವಾರ ಗಂಜಿಯ ಅರ್ಧ ಹಾಸಿಗೆಗೇ ಹೋಯಿತು. ಅದನ್ನು ನೋಡುತ್ತ ಸುಮ್ಮನೆ ಕುಳಿತು ತಿಂಡಿ ತಿನ್ನುವುದು ನನಗೆ ಕಬ್ಬಿಣದ ಮಾತ್ರೆಗಿಂತ ಕಹಿಯಾಗಿತ್ತು.

ಕೂದಲು ಕತ್ತರಿಸಬೇಕಾಯಿತು. ಸೊಂಟದವರೆಗಿದ್ದುದನ್ನು ಕತ್ತಿನ ಮಟ್ಟಕ್ಕೆ ಇಳಿಸುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ, ಹಿರಿಯರು ಅಪಶಕುನವೆಂದೇ ಎಣಿಸುತ್ತಾರೆ. ಕುರ್‌ಆನ್ ಕಲಿಸುವ ಹಿರಿಯ ಮಹಿಳೆಯೊಬ್ಬರನ್ನು ವಿಚಾರಿಸಿದೆ. ಪ್ರವಾದಿ(ಸ)ಯವರ ಪತ್ನಿಯರು ಕೂದಲನ್ನು ಕಿವಿಯ ಮಟ್ಟದವರೆಗೆ ಕಿರಿದುಗೊಳಿಸುತ್ತಿದ್ದರೆಂಬ ವರದಿ ಸಹೀಹ್ ಮುಸ್ಲಿಮಿನಲ್ಲಿದೆಯೆಂದು ಅವರು ತೋರಿಸಿದರು. ಕೂದಲಿರುವವರು ಅದನ್ನು ಗೌರವದಿಂದ ಇಟ್ಟುಕೊಳ್ಳಲಿ ಎಂಬ ಪ್ರವಾದಿ ವಚನ ಅಬೂದಾವೂದ್ ಸಂಗ್ರಹದಲ್ಲಿರುವುದನ್ನೂ ಅವರಿಂದಲೇ ತಿಳಿದೆ.

ಉಳಿದದ್ದು ಸಣ್ಣಪುಟ್ಟ ಬದಲಾವಣೆ. ತಲೆ ಸ್ನಾನವನ್ನು ಸಂಜೆಗೆ ತಂದೆ, ಮಲಗುವ ಮುನ್ನ ಕೂದಲು ಒಣಗುತ್ತದೆ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಕಂಡಿಷನರ್ ಇಲ್ಲದೆ ಆಗದು. ಶಿರವಸ್ತ್ರದೊಳಗೆ ನುಣುಪು ಬಟ್ಟೆಯ ಟೋಪಿ ಧರಿಸುತ್ತೇನೆ. ಸ್ನಾನಕ್ಕೆ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟ ಕಡಿಮೆಯಾಗುತ್ತದೆಂದು 2003ರಲ್ಲಿ ಮುಂಬೈಯ ಸಂಶೋಧಕರು ಪ್ರಕಟಿಸಿದ್ದಾರೆ. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ತಾಯಿ ಮಾತ್ರ ಏನನ್ನೂ ಮಾರುತ್ತಿರಲಿಲ್ಲ.

ಒಂದು ವರ್ಷ ಕಳೆದಾಗ ಹೊಸ ಕೂದಲು ಬೆರಳಿಗೆ ಸಿಗುವಷ್ಟಾಗಿತ್ತು, ಹಳೆಯ ಅಲೆಗಳೊಂದಿಗೆ. ನೆತ್ತಿಯ ಒಂದು ಭಾಗ ಇನ್ನೂ ತುಂಬಿಲ್ಲ.

ಅತ್ತೆಯವರ ಬಲಗೈಗೆ ಏನಾದರೂ ಕೆಲಸ ಕೊಡಿ ಎಂದು ಫಿಸಿಯೋಥೆರಪಿಯವರು ಹೇಳುತ್ತಲೇ ಇದ್ದರು. ಒಂದು ಭಾನುವಾರ ಅವರ ಜಡೆ ಹಾಕಿ ಮುಗಿಸಿದಾಗ, ಅವರು ನನ್ನ ಭುಜ ಹಿಡಿದು ಕೆಳಗೆ ಕೂರಿಸಿದರು. ಬಾಚಣಿಗೆಯನ್ನು ಎಡಗೈಯಿಂದ ಬಲಗೈಗೆ ತುರುಕಿಕೊಂಡರು. ಎರಡು ಬಾರಿ ಬಾಚಿದರು, ಮೂರನೆಯದಕ್ಕೆ ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿ ಕೊಟ್ಟು, ಮತ್ತೆ ಅವರಿಗೆ ಬೆನ್ನು ಮಾಡಿ ಕುಳಿತೆ.